ಹುಟ್ಟುಬಣ್ಣ

"ನಿಲ್ಸು! ನಿಲ್ಸು ಅಂದ್ನಲ್ಲ!"

ನನ್ನ ಕೈಯಲ್ಲಿದ್ದ ವಾಟರ್ ಪೇಪರನ್ನು ಅವರು ಕಿತ್ತುಕೊಂಡೇಬಿಟ್ಟರು. ನಾನು ಒಂದು ಹಳೆಯ ಬೈಕಿನ ಮಡ್‌ಗಾರ್ಡ್ ಉಜ್ಜುತ್ತಿದ್ದೆ. ಆ ಗಾಡಿ ಅವರದಲ್ಲ, ಬೇರೆ ಯಾರದೋ. ಅವರು ಆಗ ತಾನೇ ಒಂದು ಪೆಟ್ರೋಲ್ ಟ್ಯಾಂಕನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೊದಿಂದ ಇಳಿದಿದ್ದರು. ಅವರು ಯಾರು ಅಂತಲೂ ನನಗೆ ಗೊತ್ತಿರಲಿಲ್ಲ.

"ಯಾರ್ ಮೇಡಂ ನೀವು?"

"ಯಾರಾದ್ರೂ ಆಗ್ಲಿ. ಹೀಗೆ ಪೂರ್ತಿ ಉಜ್ಜಿಬಿಟ್ರೆ ಫ್ಯಾಕ್ಟರಿಲಿ ಯಾವ್ ಬಣ್ಣ ಹೊಡೆದಿದ್ರು ಅಂತ ಆಮೇಲೆ ಯಾರನ್ನ ಕೇಳ್ತೀಯ? ನಿಮ್ಮಪ್ಪನ್ನಾ?"

"ಗಾಡಿಯೋರು ಕಪ್ಪು ಹೊಡಿ ಅಂದಿದಾರೆ. ಹೊಡೀತೀನಿ."

"ಅವ್ರು ಹೇಳ್ತಾರೆ. ತಗಡು ಏನ್ ಹೇಳತ್ತೆ ಅಂತ ಕೇಳಿದ್ಯಾ?"

ತಗಡು ಹೇಳುತ್ತದಂತೆ. ಯಾವುದೋ ತಲೆ ಕೆಟ್ಟ ಕೇಸು ಅಂದುಕೊಂಡೆ. ಅವರು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು. ಪೇಪರನ್ನು ಹರಿದು ಚಿಕ್ಕ ಚೂರು ಮಾಡಿ ಬೆರಳಿಗೆ ಸುತ್ತಿದರು. ನೀರಲ್ಲಿ ಅದ್ದಿ ಮಡ್‌ಗಾರ್ಡಿನ ಒಂದೇ ಜಾಗದಲ್ಲಿ ಗುಂಡಗೆ ಉಜ್ಜತೊಡಗಿದರು. ಮೊದಲು ಕಪ್ಪು ಹೋಯಿತು. ಒಳಗೆ ಹಸಿರು ಬಂತು. ಅದರ ಒಳಗೆ ಕೆನೆ ಬಣ್ಣ, ಆಮೇಲೆ ತೆಳ್ಳಗೆ ಬೂದಿ ಬಣ್ಣ, ನಡುವೆ ತಗಡು. ಒಂದು ರೂಪಾಯಿಯಷ್ಟು ಅಗಲದಲ್ಲಿ ಬಳೆ ಒಳಗೆ ಬಳೆ ಇಟ್ಟ ಹಾಗೆ ಎಲ್ಲ ಬಣ್ಣಗಳೂ ಕಾಣುತ್ತಿದ್ದವು.

"ಬೂದಿ ಪ್ರೈಮರ್. ಅದರ ಮೇಲಿರೋ ಕೆನೆ ಇದೆಯಲ್ಲ, ಅದು ಇದರ ಹುಟ್ಟುಬಣ್ಣ. ಮಿಕ್ಕಿದ್ದೆಲ್ಲ ಆಮೇಲೆ ಹಾಕ್ಕೊಂಡಿರೋ ಅಂಗಿ."

ನಾನು ಏಳು ವರ್ಷದಿಂದ ಪೇಂಟ್ ಹೊಡೆಯುತ್ತಿದ್ದೆ. ಉಜ್ಜು, ಪುಟ್ಟಿ ಹಾಕು, ಹೊಡಿ, ಕಳಿಸು. ಅಷ್ಟೇ ಗೊತ್ತಿದ್ದದ್ದು. ಕೆಳಗಿರುವುದನ್ನು ನಿಂತು ನೋಡಿರಲಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ಅವರ ತಮ್ಮ ಫೋನ್ ಮಾಡಿ ಹೇಳಿದರು, ಅದೂ ಎಲ್ಲ ಮುಗಿದ ಮೇಲೆ. ಹಳೇ ಗಾಡಿಗಳ ಹುಚ್ಚಿರುವ ನಮ್ಮ ಗೆಳೆಯರು, ಅವರ ಜೊತೆ ಜಾಸ್ತಿ ಒಡನಾಡಿದವನು ನೀನು, ನೀನೇ ಬರಿ ಅಂದರು. ನಾನು ಓದಿದ್ದು ಎಂಟನೇ ಕ್ಲಾಸು. ಚೆಂದ ಮಾಡಿ ಬರೆಯಲು ಬರುವುದಿಲ್ಲ. ಅವರ ಹೆಸರೂ ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುತ್ತಿರಲಿಲ್ಲ.

ನನ್ನ ಶೆಡ್ಡು ತಿಲಕ್ ನಗರದಲ್ಲಿ, ಮಸೀದಿ ಹಿಂದಿನ ಗಲ್ಲಿಯಲ್ಲಿದೆ. ಅವರ ಮನೆ ಜಯನಗರದಲ್ಲಿ. ನಡೆದುಕೊಂಡೇ ಬರಬಹುದಾದಷ್ಟು ಹತ್ತಿರ, ಅವರು ಬರುತ್ತಿದ್ದುದೂ ನಡೆದುಕೊಂಡೇ. ಕಾಟನ್ ಸೀರೆ, ಕಾಲಿಗೆ ಓಡುವವರು ಹಾಕುವ ಬಿಳಿ ಶೂ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಹೆಗಲಲ್ಲಿ ಒಂದು ಚೀಲ, ಚೀಲದಲ್ಲಿ ಕಾಫಿ ಫ್ಲಾಸ್ಕು. ಮದುವೆ ಆಗಿರಲಿಲ್ಲ. ವಾಚ್ ಫ್ಯಾಕ್ಟರಿಯಲ್ಲಿ ಡಯಲ್ ನೋಡುವ ಕೆಲಸ ಮಾಡಿ ರಿಟೈರ್ ಆಗಿದ್ದರು. ಬೆಳಗ್ಗೆಯಿಂದ ಸಂಜೆವರೆಗೆ ಡಯಲ್‌ಗಳನ್ನು ನೋಡುವುದು, ಗೀರು ಚುಕ್ಕೆ ಇದ್ದರೆ ಎಡಗಡೆ ಇಡುವುದು. ಎಡಗಡೆ ಇಟ್ಟರೆ ರಿಜೆಕ್ಟ್. ಆ ಮಾತು ಅವರ ಬಾಯಲ್ಲೇ ಕೂತುಬಿಟ್ಟಿತ್ತು. ಬಾಳೆಹಣ್ಣು ರಿಜೆಕ್ಟ್, ಆಟೊ ಡ್ರೈವರ್ ರಿಜೆಕ್ಟ್, ನಾನು ಇಟ್ಟುಕೊಂಡಿದ್ದ ಗಡ್ಡ ರಿಜೆಕ್ಟ್.

ಒಂದು ಸಲ ಆಂಟಿ ಅಂದೆ.

"ಯಾರೋ ನಿಂಗೆ ಆಂಟಿ? ನಾನೇನ್ ನಿಮ್ಮಮ್ಮನ್ ಜೊತೆ ಸಂಕ್ರಾಂತಿ ಎಳ್ಳು ಬೀರಿದೀನಾ? ಮೇಡಂ ಅನ್ನು."

"ಮೇಡಂ ಅಂದ್ರೆ ಆಫೀಸ್ ಥರ ಆಗತ್ತಲ್ಲ."

"ಆಗ್ಲಿ. ಇದು ಆಫೀಸೇ. ಕಸ ಗುಡ್ಸು ಮೊದ್ಲು."

ಅವರು ಬಂದದ್ದು ತಮ್ಮ ಅಪ್ಪನ ಗಾಡಿಗಾಗಿ. ಹಳೇ ಟೂ ಸ್ಟ್ರೋಕ್ ಬೈಕು. ಅಪ್ಪ ಹೋದ ಮೇಲೆ ಅದು ಮನೆ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಶೀಟಿನ ಕೆಳಗೆ ನಿಂತಿತ್ತು. ಕೆಳಗಿನ ಮನೆಯಲ್ಲಿ ಇವರೊಬ್ಬರೇ, ಮಹಡಿಯಲ್ಲಿ ತಮ್ಮನ ಸಂಸಾರ. ಮನೆ ಒಡೆದು ಫ್ಲ್ಯಾಟ್ ಕಟ್ಟಿಸುವುದು ಅಂತ ಆಗಿತ್ತು. ಅದಕ್ಕೆ ಇವರದೂ ಒಪ್ಪಿಗೆ ಇತ್ತು, ಜಗಳ ಏನಿರಲಿಲ್ಲ. ಒಂದೇ ಒಂದು ಮಾತು ಹೇಳಿದ್ದರು. ಅಪ್ಪ ಈ ಗಾಡಿಯನ್ನು ಮೊದಲ ದಿನ ಮನೆಗೆ ತಂದಾಗ ಅದು ಹೇಗಿತ್ತೋ ಹಾಗೇ ಆಗಬೇಕು. ಮನೆ ಒಡೆಯುವ ಮೊದಲು ಅದೇ ಗೇಟಿನಿಂದ ಇನ್ನೊಂದು ಸಲ ಒಳಗೆ ಬರಬೇಕು. ಆಷಾಢ ಕಳೆದ ಮೇಲೆ ಒಡೆಯುವವರು ಬರುತ್ತಾರೆ. ಅಷ್ಟರೊಳಗೆ.

ಎಂಜಿನ್ನನ್ನು ಜೆ.ಪಿ. ನಗರದ ಒಬ್ಬ ಮೆಕ್ಯಾನಿಕ್ ಮಾಡಿಕೊಟ್ಟಿದ್ದ. ಬಣ್ಣದ ಕೆಲಸ ನನ್ನದು.

"ಯಾವ್ ಬಣ್ಣ ಮೇಡಂ?"

"ನೀಲಿ."

"ನೀಲಿ ಅಂದ್ರೆ ಯಾವ್ ನೀಲಿ? ನೂರೆಂಟು ಇದಾವೆ."

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ಬಿಳಿ ಬಟ್ಟೆಗೆ ನೀಲಿ ಹಾಕ್ತಾರಲ್ಲ, ಅದನ್ನ ಬಕೆಟ್ ನೀರಿಗೆ ಬಿಟ್ಟಿದೀಯ, ಇನ್ನೂ ಕಲಸಿಲ್ಲ. ಆವಾಗ ತಳದಲ್ಲಿ ಒಂದು ನೀಲಿ ಇಳಿಯತ್ತೆ ನೋಡು. ಅದು. ಅಪ್ಪ ನನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಲಾಲ್‌ಬಾಗ್‌ಗೆ ಕರ್ಕೊಂಡು ಹೋಗ್ತಿದ್ರು. ಬಗ್ಗಿ ನೋಡಿದ್ರೆ ಮೂಗಿನ ಕೆಳಗೆ ಅದೇ ಬಣ್ಣ. ನಾನು ಅದ್ರಲ್ಲಿ ಮುಖ ನೋಡ್ಕೊಂಡು ಹಲ್ಲು ಎಣಿಸ್ತಿದ್ದೆ."

ಟ್ಯಾಂಕಿನ ಮೇಲಿದ್ದ ನೀಲಿ ಸ್ಯಾಂಪಲ್ಲಿಗೂ ಬಾರದಷ್ಟು ಮಾಸಿಹೋಗಿತ್ತು, ಅಂಥ ನೀಲಿ ಯಾವ ಅಂಗಡಿಯಲ್ಲೂ ಡಬ್ಬದಲ್ಲಿ ಸಿಗುವುದಿಲ್ಲ. ಕಲಸಿ ಕಲಸಿ ತೋರಿಸಿದೆ. ಎಲ್ಲ ಎಡಗಡೆಗೆ ಹೋದವು.

ಆಮೇಲೆ ಅವರು ತಮ್ಮ ಗಾಡಿ ಕೆಲಸ ಇರಲಿ ಬಿಡಲಿ ಬರತೊಡಗಿದರು. ಬೇರೆಯವರ ಗಾಡಿಗೂ ಮೂಗು ತೂರಿಸುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಹೋಗಿ ಅಂತ ಬಾಯಿಬಿಟ್ಟು ಹೇಳಿಯೂ ಇದ್ದೇನೆ. ಅವರು ಕೇಳಿಸದವರ ಹಾಗೆ ಹೆಡ್‌ಲೈಟ್ ಡೂಮ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡುತ್ತಿದ್ದರು. ನಂಬರ್ ಪ್ಲೇಟ್ ಹಿಂದೆ, ವಾಷರ್ ಕೆಳಗೆ, ಟೂಲ್‌ಬಾಕ್ಸ್ ಒಳಗೆ, ಸೀಟ್ ಕಂಬಿ ಕೂರುವ ಜಾಗದಲ್ಲಿ.

"ಕಾಣೋ ಕಡೆ ಎಲ್ಲಾರೂ ಬಳಿದಿರ್ತಾರೆ. ಸೋಮಾರಿ ಪೇಂಟರ್ ಎಲ್ಲಿ ಕೈ ಹಾಕಿರಲ್ವೋ ಅಲ್ಲಿ ಹುಡುಕ್ಬೇಕು. ನಿನ್ನಂಥ ಸೋಮಾರಿಗಳು ಇರೋದ್ರಿಂದ್ಲೇ ನಮಗೆ ಒರಿಜಿನಲ್ ಗೊತ್ತಾಗೋದು."

"ಹೊಗಳಿದ್ರಾ, ಬೈದ್ರಾ?"

"ಎರಡೂ."

ಬಿಸಿಲಿಗೆ ಮಾಸಿದ ಬಣ್ಣ ಸಿಕ್ಕರೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿಬಿಡುತ್ತಿದ್ದರು. ಒದ್ದೆ ಇದ್ದಷ್ಟು ಹೊತ್ತು ಹಳೇ ಬಣ್ಣ ಎದ್ದು ಕಾಣುತ್ತದೆ. ಹೊಳೆಯುವ ಲೋಹವಾದರೆ ಬಾಯಿ ಹತ್ತಿರ ಹಿಡಿದು 'ಹಾ' ಅಂತ ಉಸಿರು ಬಿಡುತ್ತಿದ್ದರು. ಆವಿ ಆರುವಾಗ ನೀಲಿ ಛಾಯೆ ಬಂದರೆ ಕ್ರೋಮ್, ಸ್ವಲ್ಪ ಹಳದಿ ಬಂದರೆ ನಿಕ್ಕಲ್. ಇದು ಅವರ ಲೆಕ್ಕ. ಎಷ್ಟು ಸರಿಯೋ ಗೊತ್ತಿಲ್ಲ. ಅವರು ಹೇಳುತ್ತಿದ್ದ ರೀತಿಗೆ ಎದುರು ಮಾತಾಡಲು ಆಗುತ್ತಿರಲಿಲ್ಲ.

ಬಿಳೇಕಹಳ್ಳಿಯ ಒಬ್ಬರು ಗಾಡಿ ತಂದಿದ್ದರು. ಸ್ಟ್ಯಾಂಡು, ಸ್ಪ್ರಿಂಗು, ಚೈನ್ ಕವರು, ಕಿಕ್ಕರು, ಎಲ್ಲಕ್ಕೂ ಕ್ರೋಮ್ ಹಾಕಿಸು, ಕನ್ನಡಿ ಥರ ಇರಬೇಕು ಅಂದರು. ನಾನು ಸರಿ ಸಾರ್ ಅಂದೆ. ಹಿಂದಿನಿಂದ ಇವರು ಎದ್ದು ಬಂದರು.

"ಸ್ಟ್ಯಾಂಡ್ ಸ್ಪ್ರಿಂಗ್‌ಗೆ ಫ್ಯಾಕ್ಟರಿಲಿ ಯಾವತ್ತೂ ಕ್ರೋಮ್ ಹಾಕಿಲ್ಲ. ಅದು ಕಪ್ಪು. ಚೈನ್ ಕವರ್ ಪೇಂಟು."

"ಇರ್ಬೋದು ಆಂಟಿ. ಗಾಡಿ ನಂದಲ್ವಾ?"

"ಗಾಡಿ ನಿಮ್ದು. ಸ್ಪ್ರಿಂಗು ಫ್ಯಾಕ್ಟರಿದು."

ಗಾಡಿಯವರು ಜೋರಾಗಿ ನಕ್ಕುಬಿಟ್ಟರು. "ಆಂಟಿ, ನಂಗೆ ಹೊಳೀಬೇಕು ಅಷ್ಟೇ. ಮಕ್ಕಳು ಖುಷಿ ಪಡ್ತಾರೆ."

ಎಲ್ಲಕ್ಕೂ ಕ್ರೋಮ್ ಹಾಕಿಸಿದೆ. ಗಾಡಿ ಮದುಮಗನ ಹಾಗೆ ಹೊಳೆಯಿತು. ಅವರ ಇಬ್ಬರು ಮಕ್ಕಳು ಹಿಂದೆ ಮುಂದೆ ಕೂತು ಕುಣಿದಾಡಿಕೊಂಡು ಹೋದರು. ನಮ್ಮ ಮೇಡಂ ಮುಖ ಊದಿಸಿಕೊಂಡು ಒಂದು ವಾರ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ನಾನು ಆರಾಮಾಗಿ ಇರಬಹುದಿತ್ತು. ಆದರೆ ದಿನವೂ ಹನ್ನೊಂದು ಗಂಟೆ ಆಗುತ್ತಿದ್ದ ಹಾಗೆ ಗಲ್ಲಿ ಕಡೆ ನೋಡುತ್ತಿದ್ದೆ.

ತಪ್ಪೂ ಮಾಡುತ್ತಿದ್ದರು. ಅದನ್ನೂ ಬರೆಯಬೇಕು. ಒಂದು ಗಾಡಿಯ ಹೆಡ್‌ಲೈಟ್ ಹಿಂದಿನ ಬೋಲ್ಟುಗಳನ್ನು ಬಿಚ್ಚಿದಾಗ ತಲೆ ಮೇಲೆಲ್ಲ ಬಂಗಾರದ ಹಾಗೆ ಹಳದಿ ಬಣ್ಣ ಇತ್ತು. ಇವರಿಗೆ ಖುಷಿಯೋ ಖುಷಿ. "ನೋಡು, ನೋಡು, ಫ್ಯಾಕ್ಟರಿ ಹಳದಿ ಜಿಂಕ್! ಇಷ್ಟು ವರ್ಷ ಆದ್ರೂ ಹೆಂಗ್ ಉಳ್ಕೊಂಡಿದೆ!" ಗಾಡಿಯ ಅಷ್ಟೂ ನಟ್ಟು ಬೋಲ್ಟುಗಳನ್ನು ಬೊಮ್ಮನಹಳ್ಳಿಗೆ ಒಯ್ದು, ತುಕ್ಕು ಹಿಡಿಯದ ಹಾಗೆ ಹಾಕುವ ಆ ಹಳದಿ ಜಿಂಕ್ ಪ್ಲೇಟಿಂಗ್ ಹಾಕಿಸಿಕೊಂಡು ಬಂದೆ. ಸ್ಯಾಂಪಲ್ಲಿಗೆ ಒಂದು ಹಳೇ ಬೋಲ್ಟ್ ಮಾತ್ರ ಇಟ್ಟುಕೊಂಡಿದ್ದೆವು. ನನ್ನ ಅಮ್ಮ ಊಟ ಕೊಡಲು ಬಂದಿದ್ದವಳು ಅದನ್ನು ಕಸ ಅಂದುಕೊಂಡು ಎತ್ತಿ ಸೋಪಿನ ನೀರಿಗೆ ಹಾಕಿ ತಿಕ್ಕಿದಳು. ಹಳದಿ ಇದ್ದದ್ದು ಕೆಂಪಗೆ ತಿರುಗಿ ನೀರಲ್ಲಿ ಬಿಟ್ಟಿತು.

"ಇದು ಅರಿಶಿನ ಕಣ್ರೀ," ಅಂದಳು ಅಮ್ಮ. "ಆಯುಧಪೂಜೆಲಿ ಬಳಿದಿರೋದು. ಸೋಪ್ ತಗುಲಿದ್ರೆ ಅರಿಶಿನ ಕೆಂಪಾಗಲ್ವಾ? ನಿಮ್ ಸೀರೆಗೆ ಯಾವತ್ತೂ ಅರಿಶಿನ ಬಿದ್ದಿಲ್ವಾ?"

ವರ್ಷ ವರ್ಷ ಹಚ್ಚಿದ ಅರಿಶಿನ ಗ್ರೀಸಿನ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಇವರು ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನನ್ನೇ ಎಡಗಡೆ ಇಡೋ ಮಾರಾಯ. ಫ್ಯಾಕ್ಟರಿ ಜಿಂಕ್ ಅಂತೆ!"

ಅವತ್ತಿನಿಂದ ಚೀಲದಲ್ಲಿ ಸೋಪಿನ ಚೂರು ಬಂತು. ಎಲ್ಲಿ ಹಳದಿ ಕಂಡರೂ ಮೊದಲು ಸೋಪಿನ ನೀರು. ಕೆಂಪಾದರೆ ಪೂಜೆ, ಆಗದಿದ್ದರೆ ಫ್ಯಾಕ್ಟರಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಬೇರೆ ಊರಿನ ಪೇಂಟರುಗಳಿಗೆ ಹೇಳಿದರೆ ನಗುತ್ತಾರೆ.

ಕಾಫಿ ಮೊದಲು ಒಬ್ಬರೇ ಕುಡಿಯುತ್ತಿದ್ದರು, ಬೇಕಾ ಅಂತ ಬಾಯಿಮಾತಿಗೂ ಕೇಳುತ್ತಿರಲಿಲ್ಲ. ಅರಿಶಿನದ ಗಲಾಟೆ ಆದ ಮಾರನೇ ದಿನ ಮುಚ್ಚಳಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟರು. ನಾನು ಎತ್ತಿಕೊಂಡು ಕುಡಿದೆ.

ಅವರ ಗಾಡಿ ಕೆಲಸಕ್ಕೆ ಬರುತ್ತೇನೆ. ಟ್ಯಾಂಕಿನ ಮೇಲೂ ಗುಂಡಗೆ ಉಜ್ಜಿ ನೋಡಿದೆವು. ಮೇಲೆ ನೀಲಿ, ಅದರ ಕೆಳಗೆ ಮಂಕಾದ ಕೆಂಪು, ಆಮೇಲೆ ಒಂದು ಎಳೆ ಕಪ್ಪು, ತಗಡು. ಕೆಂಪು ಕಂಡ ತಕ್ಷಣ ಇಬ್ಬರೂ ಒಟ್ಟಿಗೆ "ಪ್ರೈಮರ್" ಅಂದೆವು. ಬಣ್ಣದ ಕೆಳಗೆ ಕೆಂಪು ಕಂಡರೆ ಈ ಕೆಲಸದಲ್ಲಿ ಯಾರೇ ಆದರೂ ಹಾಗೇ ಹೇಳುವುದು. ರೆಡ್ ಆಕ್ಸೈಡು. ಗೇಟಿಗೆ, ಕಿಟಕಿ ಸರಳಿಗೆ, ಗಾಡಿಗೆ, ಎಲ್ಲಕ್ಕೂ ಕೆಳಗೆ ಅದನ್ನೇ ಹೊಡೆಯುತ್ತಾರೆ. ಕಪ್ಪು ಎಳೆಯನ್ನು ತುಕ್ಕಿನ ಕಲೆ ಅಂದುಕೊಂಡೆವು.

ಟ್ಯಾಂಕಿನ ಎರಡೂ ಪಕ್ಕ ಮೊಣಕಾಲು ಒತ್ತಿಕೊಳ್ಳಲು ರಬ್ಬರ್ ಪ್ಯಾಡ್ ಇತ್ತು. ಸ್ಕ್ರೂ ತುಕ್ಕು ಹಿಡಿದಿತ್ತು.

"ಬಿಚ್ಬಿಡ್ಲಾ?"

"ಮುಟ್ಬೇಡ. ಆ ರಬ್ಬರ್ ಒರಿಜಿನಲ್. ಹರಿದ್ರೆ ಈ ಜನ್ಮದಲ್ಲಿ ಸಿಗಲ್ಲ. ಅದು ಕೊನೆಗೆ."

ಅದಕ್ಕೆ ಮುಂದಿನ ಮಡ್‌ಗಾರ್ಡ್ ಮೊದಲು ಮಾಡಿದೆ. ಕೊನೆಗೂ ನೀಲಿ ಕೂತಿತ್ತು. ಶೆಡ್ಡಿನ ಹೊರಗೆ ಬಿಸಿಲಿಗೆ ತಂದು ಹಿಡಿದೆ. ಅವರು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದರು. ಎಷ್ಟೋ ಹೊತ್ತು ಮೇಲೆ ಏಳಲಿಲ್ಲ. ಗಲ್ಲಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವನು ನಿಂತು ನೋಡಿದ.

"ಏನಾಯ್ತಣ್ಣ ಅವ್ರಿಗೆ?"

"ಏನಿಲ್ಲ, ಹೋಗು."

ಅವರು ಎದ್ದಾಗ ಮುಖ ಸಣ್ಣ ಹುಡುಗಿಯ ಹಾಗೆ ಆಗಿತ್ತು. ಅಂಥ ಮುಖವನ್ನು ನಾನು ಆಮೇಲೆ ಯಾರದ್ದೂ ನೋಡಿಲ್ಲ. "ಇದೇ ಕಣೋ," ಅಂದರು. ಅಷ್ಟೇ. ಚೀಲ ತೆಗೆದುಕೊಂಡು ಮನೆಗೆ ಹೋದರು. ಫ್ಲಾಸ್ಕು ಬಿಟ್ಟು ಹೋಗಿದ್ದರು.

ಆಷಾಢ ಶುರುವಾಯಿತು. ಟ್ಯಾಂಕು ಮಾತ್ರ ಬಾಕಿ. ಸ್ಕ್ರೂಗಳಿಗೆ ದಿನಾ ಸೀಮೆಎಣ್ಣೆ ಬಿಟ್ಟೆ. ಕೂದಲು ಒಣಗಿಸುವ ಮೆಷಿನ್ನನ್ನು ನನ್ನ ಅಕ್ಕನಿಂದ ತಂದು ಬಿಸಿ ಗಾಳಿ ಹಿಡಿದೆ. ಅವತ್ತು ಅವರು ಕಾಫಿ ಬಗ್ಗಿಸುತ್ತಿದ್ದಾಗ ಎಡಗಡೆಯ ರಬ್ಬರ್ ಹರಿಯದೆ ಹಾಗೇ ಪೂರ್ತಿ ಕೈಗೆ ಬಂತು. ಒಳಗೆ ಕೆಂಪು. ಆದರೆ ಮಂಕು ಕೆಂಪಲ್ಲ. ಎಣ್ಣೆ ಹಚ್ಚಿದ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಮಿನುಗುತ್ತಿತ್ತು. ಆ ಕೆಂಪಿನ ಮೇಲೆ ಒಂದು ಗೆರೆ ಇತ್ತು. ಬಂಗಾರದ ಬಣ್ಣದ್ದು, ಬತ್ತಿಯಷ್ಟು ಸಣ್ಣ, ಕೈಯಲ್ಲಿ ಎಳೆದದ್ದು.

"ಮೇಡಂ. ಇಲ್ಲಿ ಬನ್ನಿ."

ಬಂದರು, ನೋಡಿದರು.

"ಪ್ರೈಮರ್," ಅಂದರು.

"ಪ್ರೈಮರ್ ಮೇಲೆ ಗೋಲ್ಡ್ ಲೈನ್ ಯಾರ್ ಎಳೀತಾರೆ ಮೇಡಂ?"

ಅವರ ಹೆಬ್ಬೆರಳು ಬಾಯಿಗೆ ಹೋಯಿತು. ಗೆರೆ ಪಕ್ಕ ಉಜ್ಜಿದರು. ಕೆಂಪು ಇನ್ನೂ ಗಾಢವಾಯಿತು. ಅದೇ ಹುಟ್ಟುಬಣ್ಣ, ನಾವು ತುಕ್ಕು ಅಂದುಕೊಂಡಿದ್ದ ಕಪ್ಪು ಎಳೆಯೇ ಪ್ರೈಮರ್. ನೀಲಿ ಹೊಡೆದವನು ರಬ್ಬರ್ ಬಿಚ್ಚಲು ಸೋಮಾರಿತನ ಮಾಡಿ ಸುತ್ತ ಪೇಪರ್ ಅಂಟಿಸಿ ಹೊಡೆದಿದ್ದ. ಹೊರಗಿನ ಕೆಂಪನ್ನೆಲ್ಲ ಉಜ್ಜಿ ಮಂಕು ಮಾಡಿದ್ದ. ರಬ್ಬರಿನ ಕೆಳಗಿನದು ಉಳಿದಿತ್ತು. ಹೊರಗೆ ನೀಲಿಯ ಕೆಳಗಿದ್ದ ಕೆಂಪಿನಲ್ಲೂ ಒಂದು ಆಳದ ಗೀರಾಗಲಿ ಪುಟ್ಟಿಯಾಗಲಿ ಇರಲಿಲ್ಲ. ಅಂದರೆ ಗಾಡಿ ಹಳತಾಗುವ ಮೊದಲೇ, ಹೊಸದರಲ್ಲೇ ಬಣ್ಣ ಬದಲಾಯಿಸಿದ್ದರು. ಇದನ್ನು ನಾನು ಹೇಳಬೇಕಾಗಿರಲಿಲ್ಲ. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು.

ಮೊಬೈಲ್ ತೆಗೆದು ಬಸವನಗುಡಿಯಲ್ಲಿದ್ದ ಸೋದರತ್ತೆಗೆ ಫೋನ್ ಮಾಡಿದರು, ಅಪ್ಪನ ತಂಗಿಗೆ. ಆಕೆಗೆ ಕಿವಿ ಮಂದ. ಸ್ಪೀಕರ್ ಹಾಕಿಯೇ ಕೂಗಿದರು.

"ಅತ್ತೇ, ಅಪ್ಪನ್ ಗಾಡಿ ಯಾವ್ ಬಣ್ಣ?"

"ಯಾರ್ ಗಾಡಿ?"

"ನಿಮ್ಮಣ್ಣಂದು!"

"ನೀಲಿ ಅಲ್ವೇನೇ? ನೀನೇ ಕೂತ್ಕೊಂಡು ಮೆರೀತಿದ್ಯಲ್ಲ."

"ಅದಕ್ಕೂ ಮುಂಚೆ?"

"ಮುಂಚೆ ಸೈಕಲ್ಲು."

"ಅಲ್ಲ ಅತ್ತೆ! ಈ ಗಾಡಿ! ಷೋರೂಮಿಂದ ತಂದಾಗ!"

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು.

"ಓ, ಅದಾ. ಕೆಂಪು ಕಣೇ ತಂದಿದ್ದು. ಆ ಕೆಂಪೇ ಬೇಕು ಅಂತ ಅಣ್ಣ ಎಷ್ಟು ತಿಂಗಳು ಕಾದಿದ್ದ. ಜೋಯಿಸ್ರು ಅವನ ಜಾತಕಕ್ಕೆ ಕೆಂಪು ವಾಹನ ಆಗ್ಬರಲ್ಲ ಅಂತ ಅಮ್ಮಂಗೆ ಹೇಳಿದ್ರಂತೆ. ಇವನು ಕೇಳ್ಳಿಲ್ಲ, ತಂದೇಬಿಟ್ಟ. ಆರತಿ ಹಿಡ್ಕೊಂಡು ನಿಂತಿದ್ದ ಅಮ್ಮ ಬಣ್ಣ ನೋಡಿ ತಟ್ಟೆ ಸಮೇತ ಒಳಗೆ ಹೋದ್ರು. ಗೇಟ್ ತೆಗೀಲೇ ಇಲ್ಲ. ಅಣ್ಣ ರೋಡಲ್ಲೇ ಗಾಡಿ ಮೇಲೆ ಕೂತಿದ್ದ. ಊಟಕ್ಕೆ ಬಾ ಅಂತ ನಾನು ಗೇಟ್ ಸಂದೀಲಿ ಕರೆದೆ. ಬರ್ಲಿಲ್ಲ. ಸಂಜೆ ಗಾಡಿ ತಗೊಂಡು ಹೋದ. ಕೆಲವು ದಿನ ಬಿಟ್ಟು ನೀಲಿ ಮಾಡಿಸ್ಕೊಂಡು ಬಂದ. ಆಮೇಲೆ ಆ ಮಾತು ಯಾರೂ ಎತ್ತಿಲ್ಲ."

"ನಂಗ್ಯಾಕ್ ಯಾರೂ ಹೇಳ್ಲಿಲ್ಲ?"

"ನೀನೆಲ್ಲಿದ್ಯೇ? ಇನ್ನೂ ಹುಟ್ಟೇ ಇರ್ಲಿಲ್ವಲ್ಲ."

ಫೋನ್ ಇಟ್ಟರು. ಕಾಫಿ ಮುಚ್ಚಳದಲ್ಲೇ ಆರಿಹೋಗಿತ್ತು. ನಾನು ರಬ್ಬರನ್ನು ಬಟ್ಟೆಯಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಆಮೇಲೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅವರ ತಮ್ಮ ಎರಡು ಸಲ ಮಾಡಿದರು. "ಆಯ್ತೇನಪ್ಪಾ ಗಾಡಿ? ಶ್ರಾವಣಕ್ಕೆ ಕಂಟ್ರಾಕ್ಟರ್ ಬರ್ತಾನೆ. ಅಕ್ಕ ಏನೂ ಮಾತೇ ಆಡ್ತಿಲ್ಲ. ಏನಾಯ್ತು ಅಲ್ಲಿ?" ನಾನು ಕೆಲಸ ನಡೀತಿದೆ ಸಾರ್ ಅಂದೆ. ನಡೆಯುತ್ತಿರಲಿಲ್ಲ. ಒಂದು ಕಡೆ ನೀಲಿ ಮಡ್‌ಗಾರ್ಡು, ಒಂದು ಕಡೆ ರಬ್ಬರ್ ಕಿತ್ತ ಟ್ಯಾಂಕು. ಎರಡನ್ನೂ ನೋಡಿಕೊಂಡು ಕೂತಿದ್ದೆ. ಸುಮ್ಮನೆ ನೀಲಿ ಹೊಡೆದುಬಿಡೋಣ ಅನ್ನಿಸಿತು. ಯಾರಿಗೆ ಗೊತ್ತಾಗುತ್ತದೆ? ರಬ್ಬರ್ ಮುಚ್ಚಿದರೆ ಮುಗಿಯಿತು.

ಒಂದು ಬೆಳಗ್ಗೆ ಶೆಡ್ಡು ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ಕೆಂಪು ಹೊಡಿ."

"ಮಡ್‌ಗಾರ್ಡ್ ಆಗಿದ್ಯಲ್ಲ ಮೇಡಂ. ನೀಲಿ."

"ರಿಜೆಕ್ಟ್."

ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. "ಆ ನೀಲಿಗೆ ಎಷ್ಟು ಸಲ ಕಲಸಿದೀನಿ ಗೊತ್ತಾ ನಿಮಗೆ? ನಿಮಗೂ ಅದೇ ಬೇಕು. ನಿಮ್ ಮುಖ ನೋಡಿದ್ರೆ ಗೊತ್ತಾಗಲ್ವಾ? ಕೆಂಪು ಗಾಡಿ ನೀವು ಕಣ್ಣಲ್ಲೂ ನೋಡಿಲ್ಲ. ಯಾರಿಗೋಸ್ಕರ ಹೊಡೀಬೇಕು?"

"ಊರಿನೋರ್ ಗಾಡಿಗೆಲ್ಲ ತಗಡು ಹೇಳಿದ್ದು ಕೇಳಿ ಅಂತ ಬಾಯಿ ಹೊಡ್ಕೊಂಡೆ. ಆ ಮನುಷ್ಯ ಮಕ್ಕಳಿಗೆ ಖುಷಿ ಆಗತ್ತೆ ಅಂದ್ರೂ ಮುಖ ತಿರುಗಿಸ್ಕೊಂಡು ಹೋದೆ. ಈಗ ನನ್ ಗಾಡಿಗೆ ಬಂದಾಗ ಬೇರೆ ರೂಲಾ?"

"ರೂಲ್ ಗೀಲ್ ಬಿಡಿ ಮೇಡಂ."

"ರೂಲ್ ಅಲ್ಲ ಕಣೋ." ಧ್ವನಿ ಇಳಿಯಿತು. "ಅವರು ಅಷ್ಟು ತಿಂಗಳು ಕಾದು ತಂದ ಬಣ್ಣ ಅದು. ನಂಗೆ ಒಂದು ದಿನಾನೂ ಹೇಳ್ಲಿಲ್ಲ. ನಾನು ನೀಲಿ ನೀಲಿ ಅಂತ ಅವರ ಮುಂದೇನೇ ಕುಣೀತಿದ್ದೆ. ಸುಮ್ನೆ ನಗ್ತಿದ್ರು."

ನಾನು ಮಡ್‌ಗಾರ್ಡ್ ಎತ್ತಿಕೊಂಡು ಉಜ್ಜಲು ಶುರು ಮಾಡಿದೆ. ಅವರು ನೋಡಲಿಲ್ಲ. ಗಲ್ಲಿ ಕಡೆ ತಿರುಗಿ ಕೂತರು. ನೀಲಿ ನೀರು ಚರಂಡಿಗೆ ಹರಿದು ಹೋಗುವವರೆಗೂ ತಿರುಗಲಿಲ್ಲ.

ಕೆಂಪು ಮೂರೇ ದಿನದಲ್ಲಿ ಕೂತಿತು, ಎದುರಿಗೆ ಸ್ಯಾಂಪಲ್ ಇತ್ತಲ್ಲ. ಗೆರೆ ಎಳೆಯಲು ಕಷ್ಟಪಟ್ಟೆ. ಟೇಪ್ ಹಾಕಬೇಡ, ಕೈಯಲ್ಲೇ ಎಳಿ ಅಂದಿದ್ದರು. ಉಸಿರು ಹಿಡಿದು ಎಳೆದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಗೆರೆ ಎಳೆದಿಲ್ಲ. ಅವರು ಬೆರಳು ತಾಗಿಸದೆ ಗೆರೆಯ ಜೊತೆಗೇ ಕಣ್ಣು ಓಡಿಸಿಕೊಂಡು ಪೂರ್ತಿ ಸುತ್ತಿದರು.

"ಫ್ಯಾಕ್ಟರಿಯೋನು ಶುರು ಮಾಡಿದ್ ಜಾಗದಲ್ಲಿ ಬ್ರಷ್ ಒಂಚೂರು ದಪ್ಪ ಕೂತಿತ್ತು. ನಿಂದ್ರಲ್ಲಿ ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತೇ ಆಗಲ್ಲ. ಅವನಿಗಿಂತ ಚೆನ್ನಾಗಿ ಎಳೆದಿದೀಯ. ರಿಜೆಕ್ಟ್."

"ಚೆನ್ನಾಗಿದ್ರೂ ರಿಜೆಕ್ಟಾ?"

"ಚೆನ್ನಾಗಿರೋದಕ್ಕೇ ರಿಜೆಕ್ಟ್."

ಅಳಿಸಿ, ಸ್ವಲ್ಪ ಕೆಟ್ಟದಾಗಿ ಎಳೆದೆ.

ಈಗಲೂ ನನ್ನ ಶೆಡ್ಡಿಗೆ ಗಾಡಿಗಳು ಬರುತ್ತವೆ. ಚಿಕ್ಕದಾಗಿ ಗುಂಡಗೆ ಉಜ್ಜುತ್ತೇನೆ. ಒಂದರೊಳಗೊಂದು ಬಣ್ಣ ಬರುತ್ತದೆ. ಬಂದ ಕೂಡಲೇ ಯಾರಿಗಾದರೂ ತೋರಿಸಬೇಕು ಅನ್ನಿಸುತ್ತದೆ. ಗಾಡಿಯವರಿಗೆ ತೋರಿಸಿದರೆ ಹೌದಾ ಅಂದು ಮೊಬೈಲ್ ನೋಡುತ್ತಾರೆ. ಬೈಯುವವರು ಬೇಕು. ಅದು ಕೆನೆ ಅಲ್ಲ ಕಣೋ ದಡ್ಡ, ಬಿಸಿಲಿಗೆ ಮಾಸಿದ ಬಿಳಿ ಅನ್ನುವವರು ಬೇಕು. ಮನೆ ಒಡೆದ ಮೇಲೆ ಅವರು ಬನಶಂಕರಿಯಲ್ಲಿ ಬಾಡಿಗೆಗೆ ಇದ್ದರು. ಅಲ್ಲಿಂದ ಮಂಡಿ ನೋವು ಅಂತ ಬರುವುದು ಕಡಿಮೆ ಮಾಡಿದರು, ಆಮೇಲೆ ನಿಂತೇಹೋಯಿತು. ನಾನೇ ಹೋಗಿ ಕರೆದುಕೊಂಡು ಬರಬಹುದಿತ್ತು. ಕೆಲಸ ಕೆಲಸ ಅಂತ ಆಗಲಿಲ್ಲ.

ಗಾಡಿ ಮನೆಗೆ ಹೋದ ದಿನದ್ದು ಹೇಳಿ ಮುಗಿಸುತ್ತೇನೆ. ಆಷಾಢದ ಕೊನೆ, ಬೆಳಗ್ಗೆ, ಮೋಡ ಇತ್ತು, ಮಳೆ ಇರಲಿಲ್ಲ. ಅವರು ಹಿಂದೆ ಕೂತರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಚೀಲ. ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವರು "ಸಖತ್ತಾಗಿದೆ ಗುರು, ಒರಿಜಿನಲ್ ಕಲರ್ರಾ?" ಅಂದರು. ನಾನು ಹಿಂದೆ ತಿರುಗಿ ನೋಡಿದೆ. ಅವರು "ಹೂಂ, ಒರಿಜಿನಲ್," ಅಂದರು.

ಗೇಟಿನ ಮುಂದೆ ನಿಲ್ಲಿಸಿದೆ. ಹಳೇ ಕಬ್ಬಿಣದ ಗೇಟು, ಎರಡು ಬಾಗಿಲಿನದು. ಅವರು ಇಳಿದು ಎರಡನ್ನೂ ಪೂರ್ತಿ ತೆಗೆದರು. ಒಂದು ಬಾಗಿಲು ನೆಲಕ್ಕೆ ಕಚ್ಚಿಕೊಂಡಿತ್ತು, ಎತ್ತಿ ಎಳೆದು ತೆಗೆದರು. ನಾನು ಎಂಜಿನ್ ಆಫ್ ಮಾಡಿ ತಳ್ಳಲು ಇಳಿಯುತ್ತಿದ್ದೆ.

"ಆಫ್ ಮಾಡ್ಬೇಡ. ಓಡಿಸ್ಕೊಂಡೇ ಬಾ ಒಳಗೆ."

ಒಳಗೆ ಬಂದೆ. ಮಹಡಿಯಿಂದ ಅವರ ತಮ್ಮ ಬಗ್ಗಿ ನೋಡಿದರು.

"ಅಕ್ಕಾ, ಇದೇನಿದು ಕೆಂಪು? ನಮ್ ಗಾಡಿ ನೀಲಿ ಅಲ್ವಾ?"

ಅವರು ಮೇಲೆ ನೋಡಲಿಲ್ಲ. ಗೇಟು ಹಾಕಿ ಬಂದು ಮೆಟ್ಟಿಲ ಮೇಲೆ ಕೂತರು. ಗಾಡಿಯನ್ನು ನೋಡುತ್ತಲೇ ಇದ್ದರು. ನಾನು ಪಕ್ಕದಲ್ಲಿ ನಿಂತೆ.

"ಹೇಗಿದೆ ಮೇಡಂ?"

"ನಂಗ್ ಗೊತ್ತಿರೋ ಗಾಡಿ ಅಲ್ಲ ಇದು."

"ನೀಲಿ ಹೊಡ್ದು ಕೊಡ್ತೀನಿ ಮೇಡಂ. ಈಗ್ಲೇ ವಾಪಸ್ ತಗೊಂಡ್ ಹೋಗ್ತೀನಿ. ಇನ್ನೂ ಟೈಮಿದೆ."

"ಬೇಡ," ಅಂದರು. "ನೀಲಿ ನಂದು. ಇದು ಅಪ್ಪಂದು. ಇರ್ಲಿ ಒಳಗೆ."

ಕೀ ಕೊಟ್ಟು ನಡೆದುಕೊಂಡು ಶೆಡ್ಡಿಗೆ ಬಂದೆ. ಅಷ್ಟೇ. ಇದರ ಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.